ನನ್ನ ಮೊಳಕ್ಕೆ ಹೊಂದುವ ಡಿಪ್ಸ್ ಸ್ಟ್ಯಾಂಡು, ಹಲಗೆ, ಗದೆ

ನಾನು ಟೈಲರ್. ಮೈಸೂರಿನಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. 18 ವರ್ಷದಿಂದ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದೇನೆ. ದಿನಕ್ಕೆ ಎಂಟು ಗಂಟೆ ಬೆನ್ನು ಬಗ್ಗಿಸಿ ಕೂತು ಕೂತು ಹೋದ ವರ್ಷ ಸೊಂಟ ಹಿಡಿದುಕೊಳ್ಳಲು ಶುರುವಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಹೊಟ್ಟೆ, ಬೆನ್ನು, ಭುಜಕ್ಕೆ ಶಕ್ತಿ ಬರಬೇಕಮ್ಮ. ವ್ಯಾಯಾಮ ಮಾಡಿ" ಅಂದರು.

ಹತ್ತಿರದ ಒಂದು ಜಿಮ್ಮಿಗೆ ಮೂರು ತಿಂಗಳು ಹೋದೆ. ಡಿಪ್ಸ್ ಅಂದರೆ ಎರಡು ಕಂಬಿಗಳ ಮೇಲೆ ಕೈಯೂರಿ, ಮೈಯನ್ನು ಕೆಳಗಿಳಿಸಿ ಮೇಲೆತ್ತುವ ವ್ಯಾಯಾಮ. ಅಲ್ಲಿ ಡಿಪ್ಸ್ ಹೊಡೆಯುವ ಜೋಡಿ ಕಂಬಿಗಳ ನಡುವೆ 24 ಇಂಚು ಅಂತರ ಇತ್ತು. ಕಂಬಿಯಂತೂ ನನ್ನ ಬೆರಳು ಸುತ್ತು ಹಾಕಲಾರದಷ್ಟು ದಪ್ಪ. ನನ್ನ ಎತ್ತರ 5 ಅಡಿ 1 ಇಂಚು. ಆ ಕಂಬಿ ಹಿಡಿದರೆ ಮೊಣಕೈ ಹೊರಗೆ ಚಾಚಿ ಭುಜದ ಕೀಲು ಮುಂದಕ್ಕೆ ಜಗ್ಗುತ್ತಿತ್ತು. ಎರಡನೇ ತಿಂಗಳಿಗೆ ಬಲ ಭುಜ ನೋಯತೊಡಗಿತು. ನನ್ನ ಹತ್ತಿರ ಬರುವ ಯಾವ ಹೆಂಗಸೂ ಬೇರೆಯವರ ಅಳತೆಯ ಬ್ಲೌಸು ಹಾಕಿಕೊಳ್ಳುವುದಿಲ್ಲ. ಕಂಕುಳಲ್ಲಿ ಅರ್ಧ ಇಂಚು ಬಿಗಿಯಾದರೂ ವಾಪಸ್ ತರುತ್ತಾರೆ. ಮೈಭಾರವನ್ನೇ ಹೊರುವ ಕಂಬಿಗೆ ಮಾತ್ರ ಯಾಕೆ ಅಳತೆ ಬೇಡ? ಮನೆಯಲ್ಲೇ ಮಾಡಿಸಬೇಕು ಅಂತ ತೀರ್ಮಾನ ಮಾಡಿದ್ದು ಆಗಲೇ.

ಅಪ್ಪ ವಯಸ್ಸಿನಲ್ಲಿ ನಮ್ಮ ಮೊಹಲ್ಲಾದ ಗರಡಿ ಮನೆಯಲ್ಲಿ ಸಾಮು ಮಾಡಿದವರು. ದಂಡ, ಬಸ್ಕಿ, ಗದೆ ಎಲ್ಲವೂ ಗೊತ್ತು. ಚಿಕ್ಕವಳಿದ್ದಾಗ ಅವರ ಟವಲ್ಲು ಹಿಡಿದುಕೊಂಡು ಗರಡಿಯ ಬಾಗಿಲವರೆಗೂ ಹೋಗುತ್ತಿದ್ದೆ. ಹೆಣ್ಣುಮಕ್ಕಳು ಒಳಗೆ ಕಾಲಿಡುವ ಹಾಗಿರಲಿಲ್ಲ. ಹೊಸಿಲ ಹೊರಗೆ ನಿಂತರೆ ಕೆಮ್ಮಣ್ಣು, ಎಣ್ಣೆ, ಬೆವರು ಬೆರೆತ ವಾಸನೆ ಬರುತ್ತಿತ್ತು. ಈಗ ಅಪ್ಪನಿಗೆ 71. ನಾನು ಟೇಪು, ನೋಟ್‌ಬುಕ್ಕು ತೆಗೆದುಕೊಂಡು ಕೂತಾಗ ಅವರು ಕೇಳಿದ್ದು ಒಂದೇ ಮಾತು: "ನಿನ್ನ ಮೊಳ ಎಷ್ಟಮ್ಮ?"

ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಒಂದು ಮೊಳ. ಹೂವಿನವರು ಇವತ್ತಿಗೂ ಅಳೆಯುವುದು ಹಾಗೇ ಅಲ್ವಾ? ಜೋಡಿ ಕಂಬಿಯ ನಡುವೆ ಹಿಡಿಯುವವರ ಒಂದು ಮೊಳ ಅಂತರ ಇದ್ದರೆ ಭುಜಕ್ಕೆ ಹಿತ ಅಂತ ಅಪ್ಪ ಹೇಳಿದರು. ನನ್ನ ಮೊಳ ಹದಿನಾರೂವರೆ ಇಂಚು ಬಂತು. 15 ವರ್ಷದ ಮಗನದ್ದು 18 ಇಂಚು. ಅವನು ಇನ್ನೂ ಬೆಳೆಯುವ ಹುಡುಗ. ಜಿಮ್ಮಿನ 24 ಇಂಚಿಗೂ ನನ್ನ ಮೊಳಕ್ಕೂ ಏಳೂವರೆ ಇಂಚು ವ್ಯತ್ಯಾಸ. ಭುಜ ನೋಯದೆ ಇನ್ನೇನಾಗುತ್ತದೆ!

ಇಲ್ಲೇ ಮೊದಲ ತೊಡಕು. ನನ್ನ ಅಳತೆಗೆ ಕಟ್ಟಿದರೆ ಮಗನಿಗೆ ಇಕ್ಕಟ್ಟು, ಅವನ ಅಳತೆಗೆ ಕಟ್ಟಿದರೆ ನನಗೆ ಅಗಲ. ಎರಡು ರಾತ್ರಿ ಯೋಚನೆ ಮಾಡಿದೆ. ಆಮೇಲೆ ಪ್ಲೀಟ್ಸ್ ಹೊಲಿಯುತ್ತಿದ್ದಾಗ ಹೊಳೆಯಿತು. ಎರಡು ಕಂಬಿಯೂ ಸಮಾನಾಂತರ ಯಾಕಿರಬೇಕು? ಒಂದು ತುದಿಯಲ್ಲಿ ಕಿರಿದು, ಇನ್ನೊಂದು ತುದಿಯಲ್ಲಿ ಅಗಲ, ಹೀಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡರೆ ಯಾರಿಗೆ ಎಲ್ಲಿ ಹೊಂದುತ್ತೋ ಅಲ್ಲಿ ಹಿಡಿಯಬಹುದು. ಇದೇ ಥರದ ಸ್ಟ್ಯಾಂಡು ಅಂಗಡಿಗಳಲ್ಲೂ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನನ್ನ ಲೆಕ್ಕ ಹೀಗಿತ್ತು. ಕಂಬಿಯ ಉದ್ದ 30 ಇಂಚು. ಕಿರಿದಾದ ತುದಿಯಲ್ಲಿ ಅಂತರ 15 ಇಂಚು, ಅಗಲದ ತುದಿಯಲ್ಲಿ 20. ಅಂದರೆ ಉದ್ದಕ್ಕೆ 6 ಇಂಚು ಸರಿದರೆ ಅಗಲ ಒಂದು ಇಂಚು ಜಾಸ್ತಿ. ಕಿರಿದಾದ ತುದಿಯಿಂದ 9 ಇಂಚು ಬಿಟ್ಟು ಹಿಡಿದರೆ ನನ್ನ ಹದಿನಾರೂವರೆ, 18 ಇಂಚು ಬಿಟ್ಟು ಹಿಡಿದರೆ ಮಗನ 18. ಅವನು ಬೆಳೆದ ಹಾಗೆ ಕೈ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ.

ಎತ್ತರಕ್ಕೂ ಹೀಗೇ ಅಳತೆ ತೆಗೆದೆ. ನಿಂತಾಗ ನನ್ನ ಭುಜ ನೆಲದಿಂದ 50 ಇಂಚು. ಭುಜದಿಂದ ಅಂಗೈವರೆಗೆ 21. ಹಾಗಾದರೆ ನೆಟ್ಟಗೆ ನಿಂತಾಗ ಅಂಗೈ ಇರುವುದು 29 ಇಂಚಿನ ಎತ್ತರದಲ್ಲಿ. ಡಿಪ್ಸ್ ಹೊಡೆಯುವಾಗ ತೋಳು ನೆಲಕ್ಕೆ ಅಡ್ಡವಾಗುವ ತನಕ ಇಳಿದರೆ ಮೈ ಸುಮಾರು 10 ಇಂಚು ಕೆಳಗೆ ಬರುತ್ತದೆ. ಅದಕ್ಕಿಂತ ಆಳಕ್ಕೆ ಇಳಿಯುವುದು ಭುಜಕ್ಕೆ ಒಳ್ಳೆಯದಲ್ಲ. 29ಕ್ಕೆ 10 ಸೇರಿಸಿ, ಪಾದ ನೆಲಕ್ಕೆ ತಾಗದಿರಲು ಇನ್ನೊಂದು ಇಂಚು ಕೊಟ್ಟೆ. ಕಂಬಿಯ ಎತ್ತರ 40 ಇಂಚು ಅಂತ ಗಟ್ಟಿಯಾಯಿತು. ಪೂರ್ತಿ ಇಳಿದಾಗ ಸುಸ್ತಾಗಿ ಕೈಬಿಟ್ಟರೂ ಪಾದ ಒಂದೇ ಇಂಚಿಗೆ ನೆಲ ಮುಟ್ಟುತ್ತದೆ, ಬೀಳುವ ಭಯವಿಲ್ಲ. ಮಗ ಉದ್ದ ಇದ್ದಾನೆ, ಮಂಡಿ ಮಡಚಿಕೊಳ್ಳುತ್ತಾನೆ.

ಇನ್ನು ಕಬ್ಬಿಣ. ಪೈಪಿನಂಗಡಿಯಲ್ಲಿ "ಒಂದಿಂಚು" ಅಂತ ಕೇಳಿದರೆ ಕೈಗೆ ಬರುವುದು ಹೊರಗಿನಿಂದ 33.7 ಮಿ.ಮೀ. ದಪ್ಪದ ಪೈಪು. ಇಂಚು ಅನ್ನುವುದು ಒಳಗಿನ ತೂತಿನ ಲೆಕ್ಕ. ಒಂದೂಕಾಲು ಇಂಚಿನದಕ್ಕೆ 42.4 ಮಿ.ಮೀ. ಅಂಗಡಿಯಲ್ಲೇ ಎರಡನ್ನೂ ಹಿಡಿದು ನೋಡಿದೆ. ಒಂದಿಂಚಿನ ಪೈಪಿಗೆ ಹೆಬ್ಬೆರಳು ಬಂದು ನಡುಬೆರಳಿನ ಮೇಲೆ ಕೂತಿತು, ಒಂದೂಕಾಲಿನದಕ್ಕೆ ಕೂರಲಿಲ್ಲ. ಒಂದಿಂಚೇ ಸಾಕು. ಆದರೆ ತಡೆಯುತ್ತಾ? ಪೈಪಿನಲ್ಲಿ ಎ, ಬಿ, ಸಿ ಅಂತ ಮೂರು ಕ್ಲಾಸು ಇವೆ. ಹಳದಿ ಪಟ್ಟಿ ಇರುವುದು ಎ, ತೆಳು. ನೀಲಿ ಪಟ್ಟಿ ಬಿ, ಕೆಂಪು ಪಟ್ಟಿ ಸಿ. ಒಂದಿಂಚಿನ ಬಿ ಕ್ಲಾಸಿನ ಗೋಡೆ 3.2 ಮಿ.ಮೀ. ದಪ್ಪ. ಎಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗಳ ಕೈಲಿ ಲೆಕ್ಕ ಹಾಕಿಸಿದೆ. ಎರಡು ಅಡಿಯಷ್ಟು ದೂರಕ್ಕೆ ಆಧಾರ ಕೊಟ್ಟು ನಡುವೆ 60 ಕೆ.ಜಿ. ಹೇರಿದರೂ ಪೈಪಿನ ಶಕ್ತಿಯಲ್ಲಿ ಕಾಲು ಭಾಗವೂ ಖರ್ಚಾಗುವುದಿಲ್ಲ. ನಮ್ಮದು ಎರಡೂವರೆ ಅಡಿ, ಆದರೂ ಧಾರಾಳ.

ಒಂದು ವಿಷಯ ದಯವಿಟ್ಟು ನೆನಪಿಡಿ. ಬಿಳಿ ಜಿಐ ಪೈಪು ತಂದು ಹಾಗೇ ವೆಲ್ಡಿಂಗ್ ಮಾಡಿಸಬೇಡಿ. ಮೇಲಿನ ಸತುವಿನ ಲೇಪ ಸುಟ್ಟು ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದ ವೆಲ್ಡರಿಗೆ ಅದೇ ರಾತ್ರಿ ಚಳಿಜ್ವರ ಬರಬಹುದು. ಲೇಪವಿಲ್ಲದ ಕಪ್ಪು ಪೈಪು ಕೇಳಿ. ಅದು ಸಿಗದಿದ್ದರೆ ಬೆಸುಗೆ ಬೀಳುವ ಜಾಗದಲ್ಲಿ ಲೇಪವನ್ನು ಗ್ರೈಂಡರಿನಲ್ಲಿ ಪೂರ್ತಿ ಉಜ್ಜಿಸಿ. ನಾನು ಕಪ್ಪು ಪೈಪನ್ನೇ ತಂದೆ. ನಿಲ್ಲುವ ಕಾಲುಗಳಿಗೆ, ನೆಲದ ಮೇಲಿನ ಪಟ್ಟಿಗಳಿಗೆ ಒಂದೂವರೆ ಇಂಚಿನ ಚೌಕ ಟ್ಯೂಬು, 2 ಮಿ.ಮೀ. ಗೋಡೆ.

ವೆಲ್ಡಿಂಗ್ ಶಾಪಿನ ಅಣ್ಣ ಗೇಟು, ಗ್ರಿಲ್ಲು ಮಾಡುವವರು. ಎಲ್ಲವೂ ಮೂಲೆಮಟ್ಟಕ್ಕೆ ಸರಿಯಾಗಿ ಇರಬೇಕು ಅನ್ನುವುದು ಅವರ ಕೈಗೆ ಅಂಟಿಬಿಟ್ಟಿದೆ. ಕಂಬಿ ಓರೆ ಬೇಕು ಅಂದಾಗ, "ಅಕ್ಕಾ, ತಪ್ಪು ಗೀಚಿದ್ದೀರ" ಅಂದರು. ಮಾತಿನಲ್ಲಿ ಹೇಳಿ ತಿಳಿಸಲು ಆಗಲಿಲ್ಲ. ಮನೆಗೆ ಬಂದು ನ್ಯೂಸ್‌ಪೇಪರ್ ಅಂಟಿಸಿ, ಬ್ಲೌಸಿಗೆ ಕತ್ತರಿಸುವ ಹಾಗೆ ನಿಜವಾದ ಅಳತೆಯ ಪೇಪರ್ ಕಟಿಂಗ್ ಮಾಡಿಕೊಂಡು ಹೋದೆ. ಶಾಪಿನ ನೆಲದ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಅಂಚು ಎಳೆದೆ. ಅಣ್ಣ ಎರಡು ಪೈಪನ್ನೂ ಆ ಗೆರೆಯ ಮೇಲಿಟ್ಟು, ನಡುವೆ ನನ್ನನ್ನು ನಿಲ್ಲಿಸಿ, ಕೈ ಇಳಿಬಿಡಲು ಹೇಳಿ ನೋಡಿದರು. "ಓ, ಇದು ಕೈ ಬೀಳೋ ಜಾಗಕ್ಕೆ ಬರುತ್ತೆ" ಅಂದರು. ಆಮೇಲೆ ಪ್ರಶ್ನೆಯೇ ಇರಲಿಲ್ಲ.

ಮೊದಲು ಎಲ್ಲಾ ಸಂದಿಗೂ ಟ್ಯಾಕ್ ಮಾತ್ರ ಹಾಕಿಸಿದೆವು. ಬಟ್ಟೆಗೆ ಕಚ್ಚಾ ಹೊಲಿಗೆ ಹಾಕುತ್ತೇವಲ್ಲ, ಹಾಗೆ. ಕಿರಿದಾದ ತುದಿಯ ಎಡಗಾಲಿನಿಂದ ಅಗಲದ ತುದಿಯ ಬಲಗಾಲಿಗೆ ದಾರ ಹಿಡಿದು, ಮತ್ತೆ ಆ ಕಡೆಯಿಂದ ಈ ಕಡೆಗೆ ಹಿಡಿದು ನೋಡಿದೆವು. ಎರಡೂ ಸಮ ಇರಬೇಕಿತ್ತು, ಅರ್ಧ ಇಂಚು ಹೆಚ್ಚುಕಮ್ಮಿ ಬಂತು. ಒಂದು ಟ್ಯಾಕ್ ಒಡೆದು ಸರಿಮಾಡಿದ ಮೇಲೆಯೇ ಪೂರ್ತಿ ವೆಲ್ಡಿಂಗ್. ಒಂದು ಕಡೆಯೇ ಬೆಸುಗೆ ಎಳೆಯುತ್ತಾ ಹೋದರೆ ಕಬ್ಬಿಣ ಆ ಕಡೆಗೆ ಬಾಗುತ್ತದೆ. ಅದಕ್ಕೆ ಅಣ್ಣ ಒಂದು ಸಂದಿ ಈ ಕಡೆ, ಒಂದು ಸಂದಿ ಆ ಕಡೆ ಹಾಕುತ್ತಾ ಹೋದರು. ಕಿರಿದಾದ ತುದಿಯ ಎರಡು ಕಾಲುಗಳ ನಡುವೆ ಏಣಿಯ ಹಾಗೆ ಮೂರು ಅಡ್ಡಪಟ್ಟಿ, ನೆಲದಿಂದ 8, 12, 16 ಇಂಚಿಗೆ. ಇವು ಹೊಟ್ಟೆಯ ವ್ಯಾಯಾಮದ ಹಲಗೆ ಸಿಗಿಸಲು. ಅಗಲದ ತುದಿಯಲ್ಲಿ 26 ಮತ್ತು 36 ಇಂಚಿನ ಎತ್ತರಕ್ಕೆ ಯು ಆಕಾರದ ಕೊಂಡಿಗಳು. ಅದರಲ್ಲಿ ಒಂದು ಅಡ್ಡ ಪೈಪು ಕೂರಿಸಿ ಬೋಲ್ಟ್ ಹಾಕಬಹುದು, ಬೇಡವಾದಾಗ ತೆಗೆಯಬಹುದು. ಆ ಪೈಪು ಹಿಡಿದು, ಹಿಮ್ಮಡಿ ನೆಲಕ್ಕೂರಿ, ಹಿಂದಕ್ಕೆ ಒರಗಿ ಎದೆಯನ್ನು ಪೈಪಿಗೆ ಎಳೆದುಕೊಳ್ಳುವುದು. ನಮ್ಮದು ಬಾಡಿಗೆ ಮನೆ. ಗೋಡೆಗೆ ಡ್ರಿಲ್ ಮಾಡಿ ಪುಲ್‌ಅಪ್ ರಾಡು ಹಾಕುವ ಹಾಗಿಲ್ಲ. ಬೆನ್ನಿಗೆ, ರೆಟ್ಟೆಗೆ ಇದೇ ದಾರಿ.

ಸ್ಟ್ಯಾಂಡು ಮನೆಗೆ ಬಂತು. ಗುಜರಿ ಅಂಗಡಿಯ ತಕ್ಕಡಿಯಲ್ಲಿ 24 ಕೆ.ಜಿ. ತೂಗಿತ್ತು. ಡಿಪ್ಸ್ ಕಂಬಿ ಹಿಡಿದಾಗ ಬಂಡೆಯ ಹಾಗೆ ನಿಂತಿತು. ಅಡ್ಡ ಪೈಪನ್ನು 36 ಇಂಚಿಗೆ ಕೂರಿಸಿ ಹಿಂದಕ್ಕೆ ಒರಗಿದೆ. ಎರಡನೇ ಎಳೆತಕ್ಕೆ ಇಡೀ ಸ್ಟ್ಯಾಂಡು ಹಿಂದಿನ ಕಾಲೆತ್ತಿ ನನ್ನ ಮೇಲೆ ವಾಲಿತು. ಮಗ ಪಕ್ಕದಲ್ಲೇ ಇದ್ದ, ಗಬಕ್ಕನೆ ಹಿಡಿದ. ಕೈಗೆ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಎದೆ ತುಂಬಾ ಹೊತ್ತು ಹೊಡೆದುಕೊಳ್ಳುತ್ತಿತ್ತು.

ಎಲ್ಲಿ ತಪ್ಪಾಯಿತು ಅಂತ ತಮ್ಮನ ಮಗಳ ಜೊತೆ ಕೂತು ನೋಡಿದೆವು. ನನ್ನ ತೂಕ 55 ಕೆ.ಜಿ. 45 ಡಿಗ್ರಿಯಷ್ಟು ಒರಗಿದಾಗ ಪೈಪನ್ನು ನನ್ನ ಕಡೆಗೆ ಎಳೆಯುವ ಬಲ ಸುಮಾರು 19 ಕೆ.ಜಿ. ತೂಕದಷ್ಟು, ಕೆಳಕ್ಕೆ ಒತ್ತುವುದೂ ಅಷ್ಟೇ. ಎಳೆತ ಬೀಳುತ್ತಿರುವುದು 36 ಇಂಚಿನ ಎತ್ತರದಲ್ಲಿ. 19ನ್ನು 36ರಿಂದ ಗುಣಿಸಿದರೆ 684. ಇದು ಬೀಳಿಸುವ ಬಲ. ಹಿಡಿದು ನಿಲ್ಲಿಸುವುದು ಸ್ಟ್ಯಾಂಡಿನ 24 ಕೆ.ಜಿ. ಅದರ ಭಾರದ ನಡು ಇರುವುದು ಅಗಲದ ತುದಿಯ ಕಾಲಿನಿಂದ ಸುಮಾರು 15 ಇಂಚು ಹಿಂದೆ. 24ನ್ನು 15ರಿಂದ ಗುಣಿಸಿದರೆ ಬರೀ 360. ಬೀಳದೆ ಇರುತ್ತದೆಯೇ?

ಮೂಟೆ ಹೇರಬಹುದಿತ್ತು. ಆದರೆ ದಿನಾ ಮೂಟೆ ಎತ್ತಿಡುವುದು ನಡೆಯುವ ಮಾತಲ್ಲ, ಒಂದು ದಿನ ಮರೆತರೆ ಅಪಾಯ. ಬದಲಿಗೆ ನೆಲದ ಪಟ್ಟಿಗಳನ್ನು ನಾನು ಒರಗುವ ಕಡೆಗೆ 18 ಇಂಚು ಮುಂದಕ್ಕೆ ಬೆಳೆಸಿದೆವು. ಈಗ ಸ್ಟ್ಯಾಂಡಿನ ಭಾರ ಪಟ್ಟಿಯ ತುದಿಯಿಂದ 33 ಇಂಚು ಹಿಂದಿದೆ, ಗುಣಿಸಿದರೆ 792. ನನ್ನ ಕೆಳಮುಖದ 19 ಕೆ.ಜಿ. ಕೂಡ ತುದಿಯಿಂದ 18 ಇಂಚು ಒಳಗೇ ಬೀಳುತ್ತದೆ, ಅದು 342. ಎರಡೂ ಸೇರಿ 1,134. ಬೀಳಿಸುವ 684ಕ್ಕೆ ಎದುರು ಇಷ್ಟು ಸಾಕು. ಪಟ್ಟಿಗಳು ನನ್ನ ಎರಡು ಪಕ್ಕಕ್ಕೆ ಬರುವುದರಿಂದ ಕಾಲಿಗೆ ತೊಡರುವುದಿಲ್ಲ. ಮಗನ ತೂಕಕ್ಕೂ ಲೆಕ್ಕ ಹಾಕಿದೆವು. ಅವನು 62 ಕೆ.ಜಿ. ಅವನಿಗೂ ನಿಲ್ಲುತ್ತದೆ. ಆದರೂ ಮೊದಲ ವಾರ ಹಿಂದೆ ಒಬ್ಬರು ನಿಂತೇ ಮಾಡಿದೆವು. ಮನೆಯಲ್ಲಿ ಇಂಥದ್ದು ಕಟ್ಟಿಸುವವರು ಪೈಪು ಮುರಿಯುತ್ತಾ ಅಂತಲೇ ಯೋಚಿಸುತ್ತಾರೆ. ನನ್ನ ಅನುಭವದಲ್ಲಿ ಪೈಪು ಮುರಿಯುವುದಕ್ಕಿಂತ ಸ್ಟ್ಯಾಂಡು ಮಗುಚುವ ಭಯವೇ ಜಾಸ್ತಿ.

ರೆಡ್ ಆಕ್ಸೈಡ್ ಒಂದು ಕೋಟು, ಮೇಲೆ ಕಪ್ಪು ಎನಾಮಲ್ ಎರಡು ಕೋಟು. ಕೈ ಹಿಡಿಯುವ ಜಾಗಕ್ಕೆ ಮಾತ್ರ ಬಣ್ಣ ಹೊಡೆಯಲಿಲ್ಲ. ಬೆವರಿದ ಕೈಗೆ ಎನಾಮಲ್ ಜಾರುತ್ತದೆ. ಅಲ್ಲಿ ಲಂಗದ ಹತ್ತಿ ಲಾಡಿಯನ್ನು ಬಿಗಿಯಾಗಿ ಓರೆಯಾಗಿ ಸುತ್ತಿ ತುದಿಯನ್ನು ಸೂಜಿಯಲ್ಲಿ ಹೊಲಿದೆ. ಕೊಳೆಯಾದರೆ ಬಿಚ್ಚಿ ಒಗೆಯಬಹುದು. ಕಾಲಿನ ತುದಿಗಳಿಗೆ ರಬ್ಬರ್ ಬುಷ್.

ಇನ್ನೊಂದು ಸಣ್ಣ ಸೇರ್ಪಡೆ. ಶುರುವಿನಲ್ಲಿ ನನಗೆ ಒಂದು ಡಿಪ್ಸ್ ಕೂಡ ಆಗುತ್ತಿರಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಎರಡು ಕಂಬಿಗೂ ಅಡ್ಡವಾಗಿ ಕಟ್ಟಿ, ಅದರ ಮೇಲೆ ಮಂಡಿ ಊರಿದರೆ ಟ್ಯೂಬು ಅಷ್ಟಿಷ್ಟು ಭಾರ ಹೊರುತ್ತದೆ. ಮೊದಲು ಎರಡು ಟ್ಯೂಬು, ತಿಂಗಳ ಮೇಲೆ ಒಂದು. ಈಗ ಟ್ಯೂಬಿಲ್ಲದೆ ನಾಲ್ಕು ಹೊಡೆಯುತ್ತೇನೆ.

ಹೊಟ್ಟೆಯ ಹಲಗೆ ನನ್ನ ಕೈಕೆಲಸ. 18 ಮಿ.ಮೀ. ಪ್ಲೈವುಡ್, 48 ಇಂಚು ಉದ್ದ, 12 ಇಂಚು ಅಗಲ. ಒಂದು ತುದಿಯ ಕೆಳಗೆ ಕಬ್ಬಿಣದ ಎರಡು ಕೊಕ್ಕೆ. ಅವನ್ನು ಸ್ಟ್ಯಾಂಡಿನ ಅಡ್ಡಪಟ್ಟಿಗೆ ಸಿಗಿಸಿದರೆ ಹಲಗೆ ಇಳಿಜಾರಾಗುತ್ತದೆ. 8 ಇಂಚಿಗೆ ಸಿಗಿಸಿದರೆ ಸುಮಾರು 10 ಡಿಗ್ರಿ, 12 ಇಂಚಿಗೆ 14, 16 ಇಂಚಿಗೆ 20ರ ಹತ್ತಿರ. ಮೇಲೆ ರೀಬಾಂಡೆಡ್ ಫೋಮು, ಅಂದರೆ ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ ಫೋಮು, ಅದರ ಮೇಲೆ ರೆಕ್ಸಿನ್. ಸಾದಾ ಸ್ಪಂಜು ಹಾಕಬೇಡಿ. ತಿಂಗಳಲ್ಲಿ ಕೂತುಹೋಗಿ ಬೆನ್ನುಮೂಳೆ ಹಲಗೆಗೆ ತಾಗುತ್ತದೆ.

ರೆಕ್ಸಿನ್ ಹೊಲಿಯುವವರಿಗೆ ಒಂದು ಮಾತು. ಬಟ್ಟೆಯಾದರೆ ಹೊಲಿಗೆ ಬಿಚ್ಚಿದ ಮೇಲೆ ತೂತು ಮುಚ್ಚಿಕೊಳ್ಳುತ್ತದೆ. ರೆಕ್ಸಿನ್‌ನಲ್ಲಿ ಸೂಜಿ ಒಂದು ಸಲ ಇಳಿದರೆ ತೂತು ಶಾಶ್ವತ. ಗುಂಡುಸೂಜಿ ಚುಚ್ಚದೆ ಬಟ್ಟೆಯ ಕ್ಲಿಪ್ಪು ಹಾಕಿಕೊಳ್ಳಿ. 18 ನಂಬರ್ ಸೂಜಿ, ಹೊಲಿಗೆ 4 ಮಿ.ಮೀ. ಉದ್ದ. ಸಣ್ಣ ಹೊಲಿಗೆ ಹಾಕಿದರೆ ಸ್ಟಾಂಪಿನ ಅಂಚಿನ ಹಾಗೆ ತೂತುಗಳ ಸಾಲಾಗಿ ಅಲ್ಲೇ ಹರಿಯುತ್ತದೆ. ಕಾಲಿಗೆ ರೆಕ್ಸಿನ್ ಅಂಟಿಕೊಂಡು ಮುಂದಕ್ಕೆ ಸಾಗದಿದ್ದರೆ ಒಂದು ಹನಿ ಮಿಷನ್ ಎಣ್ಣೆ ಸವರಿ. ಇಲ್ಲಿ ಕಾಲು ಅಂದರೆ ಮಿಷನ್ನಿನ ಪ್ರೆಸರ್ ಫುಟ್ಟು.

ಹಲಗೆಯ ಮೇಲ್ತುದಿಯಲ್ಲಿ ಪಾದ ಸಿಕ್ಕಿಸಿಕೊಳ್ಳಲು ಒಂದು ಪೈಪು ಹಾಕಿ, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮಿನ ಕೊಳವೆ ತೊಡಿಸಿದ್ದೆ. ಕಾಲು ನೀಡಿ, ಪಾದ ಸಿಕ್ಕಿಸಿ ಮೂರು ದಿನ ಸಿಟ್ ಅಪ್ ಹೊಡೆದೆ. ಹೊಟ್ಟೆಗೇನೂ ಅನ್ನಿಸಲಿಲ್ಲ. ತೊಡೆಯ ಮುಂಭಾಗ ಬಿಗಿದುಕೊಂಡಿತು, ಸೊಂಟದ ಹಳೇ ನೋವು ವಾಪಸ್ ಬಂತು. ಫಿಸಿಯೋಥೆರಪಿ ಮಾಡುವ ಒಬ್ಬ ಗಿರಾಕಿ ಬ್ಲೌಸಿನ ಅಳತೆಗೆ ಬಂದಿದ್ದಾಗ ಹಲಗೆ ತೋರಿಸಿದೆ. ಅವರು ವಿವರಿಸಿದ್ದು ಹೀಗೆ. ಸೊಂಟದ ಬೆನ್ನುಮೂಳೆಯಿಂದ ತೊಡೆಯ ಮೂಳೆಗೆ ಒಂದು ದಪ್ಪ ಸ್ನಾಯು ಇದೆ, ತೊಡೆಯನ್ನು ಮೇಲೆತ್ತುವುದು ಅದರ ಕೆಲಸ. ಪಾದ ಸಿಕ್ಕಿಸಿಕೊಂಡು, ಕಾಲು ನೀಡಿ ಎದ್ದರೆ ಹೊಟ್ಟೆಗಿಂತ ಹೆಚ್ಚಾಗಿ ಆ ಸ್ನಾಯುವೇ ಮೈಯನ್ನು ಎಳೆಯುತ್ತದೆ. ಹಾಗೆ ಎಳೆಯುವಾಗ ಸೊಂಟದ ಮೂಳೆಯನ್ನೂ ಮುಂದಕ್ಕೆ ಜಗ್ಗುತ್ತದೆ. ಹೊಟ್ಟೆಯ ಸ್ನಾಯುವಿನ ಕೆಲಸ ಪಕ್ಕೆಲುಬನ್ನೂ ಸೊಂಟವನ್ನೂ ಹತ್ತಿರ ತರುವುದು. ಅದಕ್ಕೆ ಪೂರ್ತಿ ಎದ್ದು ಕೂರಬೇಕಾಗಿಲ್ಲ.

ಅವತ್ತು ಸಂಜೆಯೇ ಪಾದದ ಪೈಪು ಬಿಚ್ಚಿದೆ. ಅದೇ ಪೈಪನ್ನು ಹಲಗೆಯ ಮೇಲ್ತುದಿಯಲ್ಲಿ ಕೈ ಹಿಡಿಕೆಯಾಗಿ ಕೂರಿಸಿದೆ. ಈಗ ತಲೆ ಮೇಲ್ಗಡೆ ಇಟ್ಟು ಮಲಗುತ್ತೇನೆ. ತಲೆಯ ಹಿಂದೆ ಹಿಡಿಕೆ ಹಿಡಿದು, ಮಂಡಿ ಮಡಚಿ, ಸೊಂಟವನ್ನು ಹಲಗೆಯಿಂದ ಒಂದು ಗೇಣು ಮೇಲೆ ಸುತ್ತಿಕೊಂಡು, ನಿಧಾನವಾಗಿ ಇಳಿಸುತ್ತೇನೆ. ಇಳಿಸುವುದರಲ್ಲೇ ಇರುವುದು ಕಷ್ಟ. ಎಂಟನೆಯದಕ್ಕೆ ಹೊಕ್ಕಳಿನ ಕೆಳಗೆ ಸಣ್ಣಗೆ ನಡುಗಲು ಶುರುವಾಗುತ್ತದೆ. 18 ವರ್ಷ ಕೂತಲ್ಲೇ ಕೂತಿದ್ದ ಹೊಟ್ಟೆಗೆ ಕೆಲಸ ಮುಟ್ಟುತ್ತಿದೆ ಅಂತ ಆಗ ಗೊತ್ತಾಗುತ್ತದೆ. ಸೊಂಟ ನೋವು ಮತ್ತೆ ಬಂದಿಲ್ಲ.

ಹೊಟ್ಟೆಗೆ ಉರುಳಿಸುವ ಚಕ್ರವನ್ನೂ ಮಾಡಿದೆ. ಅದರ ಬಗ್ಗೆ ಹೇಳುವುದು ಕಮ್ಮಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 6 ಇಂಚಿನ ಎರಡು ರಬ್ಬರ್ ಚಕ್ರ, 12 ಮಿ.ಮೀ. ತಿರುಪಿನ ಗೆರೆಯಿರುವ (ಥ್ರೆಡ್) ರಾಡು, ಹಿಡಿಕೆಗೆ ಪಿವಿಸಿ ಪೈಪಿನ ತುಂಡು. ಒಂದೇ ಚಕ್ರ ಹಾಕಿದಾಗ ಪಕ್ಕಕ್ಕೆ ಮಗುಚುತ್ತಿತ್ತು. 4 ಇಂಚು ಅಂತರದಲ್ಲಿ ಎರಡು ಹಾಕಿದ ಮೇಲೆ ನೆಟ್ಟಗೆ ಹೋಗುತ್ತದೆ. ಗೋಡೆಗೆ ಮುಖ ಮಾಡಿ ಮಂಡಿಯೂರಿ ಉರುಳಿಸಿದರೆ ಚಕ್ರ ಗೋಡೆಗೆ ತಾಗಿ ನಿಲ್ಲುತ್ತದೆ, ಮೂಗು ನೆಲಕ್ಕೆ ಬಡಿಯುವುದಿಲ್ಲ. ಮಂಡಿಯನ್ನು ವಾರಕ್ಕೆ ಎರಡು ಬೆರಳಷ್ಟು ಹಿಂದಕ್ಕೆ ಸರಿಸುತ್ತಾ ಬನ್ನಿ.

ಇನ್ನು ಗದೆ. ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸ್ಟ್ಯಾಂಡು ನೋಡಿದ ಅಪ್ಪ, "ಎಲ್ಲಾ ಸರಿ. ಭುಜ ಸುತ್ತೋದು ಎಲ್ಲಿದೆ?" ಅಂತ ಕೇಳಿದರು. ಎಳೆಯುವುದು, ಒತ್ತುವುದು ಎರಡೂ ಇದೆ. ಸುತ್ತುವುದು ಇಲ್ಲ. ಗರಡಿಯಲ್ಲಿ ಅದಕ್ಕೇ ಗದೆ ಇರುವುದು. ಬಿದಿರಿನ ಹಿಡಿ, ತುದಿಯಲ್ಲಿ ಕಲ್ಲಿನ ಗುಂಡು. ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟು, ಬೆನ್ನಿಗೆ ಸುತ್ತು ಹಾಕಿಸಿ ಇನ್ನೊಂದು ಭುಜದ ಮೇಲಿಂದ ಮುಂದಕ್ಕೆ ತರಬೇಕು. ಗುಂಡು ಮೈಯನ್ನು ಪಕ್ಕಕ್ಕೆ ಎಳೆಯುತ್ತದೆ, ಹೊಟ್ಟೆ ಬಿಗಿಹಿಡಿದು ನಿಲ್ಲಲೇಬೇಕು. ಭುಜ, ಹೊಟ್ಟೆ ಎರಡಕ್ಕೂ ಒಟ್ಟಿಗೆ ಕೆಲಸ.

ಕಲ್ಲು ಕೆತ್ತಿಸುವ ಬದಲು ಕಾಂಕ್ರೀಟ್ ಸಾಕು ಅನ್ನಿಸಿತು. ಮಕ್ಕಳು ಆಡುವ ಪ್ಲಾಸ್ಟಿಕ್ ಚೆಂಡೇ ಅಚ್ಚು. 14 ಸೆಂ.ಮೀ. ಅಗಲದ ಚೆಂಡಿನಲ್ಲಿ ತುಂಬಿದ ಕಾಂಕ್ರೀಟ್ ಸುಮಾರು ಮೂರೂಕಾಲು ಕೆ.ಜಿ. ಬರುತ್ತದೆ. 18 ಸೆಂ.ಮೀ. ಆದರೆ 7 ಕೆ.ಜಿ. ನಾಲ್ಕೇ ಸೆಂಟಿಮೀಟರಿಗೆ ತೂಕ ಇಮ್ಮಡಿ ದಾಟುತ್ತದೆ. ಚೆಂಡು ಕೊಳ್ಳುವಾಗ ಟೇಪು ಹಿಡಿದುಕೊಂಡೇ ಹೋಗಿ. ಬ್ಯಾಂಬೂ ಬಜಾರಿಗೆ ಅಪ್ಪನೇ ಬಂದರು. ಹತ್ತಾರು ಬಿದಿರು ಕೈಗೆತ್ತಿಕೊಂಡು, ಬೆರಳಿನಿಂದ ತಟ್ಟಿ, ಒಳಗೆ ಗಟ್ಟಿ ಇರುವ ಗಂಡು ಬಿದಿರು ಆರಿಸಿದರು. ಹಿಡಿಯ ಉದ್ದ ನನ್ನ ಎರಡು ಮೊಳ, ಅಂದರೆ 33 ಇಂಚು.

ಮೊದಲ ಗದೆ ಹಾಳಾಯಿತು. ಸಿಮೆಂಟು ಒಂದು ಪಾಲು, ಮರಳು ಒಂದೂವರೆ, ಸಣ್ಣ ಜಲ್ಲಿ ಮೂರು ಪಾಲು ಕಲಸಿ, ಚೆಂಡಿಗೆ ತುಂಬಿ, ಬಿದಿರನ್ನು ಹಾಗೇ ನೆಟ್ಟಿದ್ದೆ. ಗುಂಡು ಚೆನ್ನಾಗಿ ಗಟ್ಟಿಯಾಯಿತು. ಆದರೆ ಮೂರು ವಾರದ ಮೇಲೆ ಅಪ್ಪ ಹಿಡಿ ತಿರುಗಿಸಿ ನೋಡಿದಾಗ ಗುಂಡು ಅಲ್ಲಾಡಿತು. ಹಸಿ ಕಾಂಕ್ರೀಟಿನ ನೀರು ಕುಡಿದು ಬಿದಿರು ಉಬ್ಬುತ್ತದೆ. ಆಮೇಲೆ ಒಣಗಿ ಸಣ್ಣಗಾಗುತ್ತದೆ, ಸುತ್ತ ಸಂದು ಬಿಡುತ್ತದೆ. ಅದನ್ನು ಬೀಸಿದ್ದರೆ ಗುಂಡು ಕಳಚಿ ಎಲ್ಲಿಗೆ ಹಾರುತ್ತಿತ್ತೋ! ಅಪ್ಪ ನೋಡಿರದಿದ್ದರೆ ಬೆಳಿಗ್ಗೆ ಮಗನೇ ಅದನ್ನು ಬೀಸುತ್ತಿದ್ದ.

ಎರಡನೆಯದಕ್ಕೆ ಬಿದಿರನ್ನು ಮೊದಲು ಚೆನ್ನಾಗಿ ಒಣಗಿಸಿದೆವು. ಗುಂಡಿನೊಳಗೆ ಹೋಗುವ ಭಾಗಕ್ಕೆ ಬಿಸಿ ಡಾಂಬರು ಬಳಿದು, ಅದು ಹಸಿ ಇರುವಾಗಲೇ ಮರಳಿನಲ್ಲಿ ಹೊರಳಿಸಿದೆವು. ಡಾಂಬರು ನೀರು ತಡೆಯುತ್ತದೆ, ಮರಳು ಕಾಂಕ್ರೀಟನ್ನು ಕಚ್ಚಿಕೊಳ್ಳುತ್ತದೆ. ಜೊತೆಗೆ ಬಿದಿರಿಗೆ ಅಡ್ಡಡ್ಡ ತೂತು ಕೊರೆದು 8 ಮಿ.ಮೀ. ದಪ್ಪದ ಎರಡು ಬೋಲ್ಟುಗಳನ್ನು ಕೂಡಿಸುವ ಚಿಹ್ನೆಯ ಹಾಗೆ ಒಂದರ ಮೇಲೊಂದು ಹಾಯಿಸಿದೆ. ಬೋಲ್ಟುಗಳು ಗುಂಡಿನೊಳಗೆ ಹೂತುಹೋಗಿವೆ. ಬಿದಿರು ಸಣ್ಣಗಾದರೂ ಗುಂಡು ತಿರುಗುವಂತಿಲ್ಲ, ಕಳಚುವಂತಿಲ್ಲ. ನೀರು ಕಮ್ಮಿ ಹಾಕಿ ಕಲಸಿದೆ. ಕಡ್ಡಿಯಿಂದ ಚುಚ್ಚಿ ಚುಚ್ಚಿ ಗಾಳಿ ಬಿಡಿಸಿದೆ. ಮೂರನೇ ದಿನ ಚೆಂಡಿನ ಸಿಪ್ಪೆ ಬ್ಲೇಡಿನಲ್ಲಿ ಸುಲಿದು, ಗೋಣಿಚೀಲ ಸುತ್ತಿ, ದಿನಾ ಎರಡು ಹೊತ್ತು ನೀರು ಹಾಕಿದೆ. 28 ದಿನ ಯಾರೂ ಮುಟ್ಟುವ ಹಾಗಿರಲಿಲ್ಲ.

29ನೇ ದಿನ ಬೆಳಿಗ್ಗೆ ಮನೆ ಹಿಂದಿನ ಖಾಲಿ ಜಾಗದಲ್ಲಿ ಅಪ್ಪ ಗದೆ ಎತ್ತಿಕೊಂಡರು. ಗುಂಡನ್ನು ನೆಲಕ್ಕೂರಿ, ಎರಡು ಕೈಯಲ್ಲೂ ಹಿಡಿ ತಿರುಚಿ ನೋಡಿದರು. ಅಲ್ಲಾಡಲಿಲ್ಲ. ಮೆತ್ತಗೆ ಭುಜಕ್ಕೇರಿಸಿ ಒಂದೇ ಒಂದು ಸುತ್ತು ಹಾಕಿದರು. ಗುಂಡು ಬೆನ್ನ ಹಿಂದೆ ಇಳಿದು ಈ ಕಡೆ ಬರುವ ತನಕ ಅವರ ಪಾದ ಕದಲಲಿಲ್ಲ. ಆಮೇಲೆ ಹಿಡಿಯನ್ನು ನನ್ನ ಕೈಗಿಟ್ಟು, "ಮೊಣಕೈ ಕಿವಿ ಹತ್ರ ಇರಲಿ. ಗದೆ ತಾನೇ ಬೀಳುತ್ತೆ, ನೀನು ಬೀಳಿಸ್ಬೇಡ" ಅಂದರು. ಗರಡಿಯ ಹೊಸಿಲ ಹೊರಗೆ ನಿಂತು ನಾನು ನೋಡುತ್ತಿದ್ದದ್ದು ಇದನ್ನೇ. ಅವತ್ತು ಐದು ಸುತ್ತು ಹಾಕಿದೆ. ಈಗ ಒಂದೊಂದು ಕಡೆಗೆ 15.

ಒಟ್ಟು ಖರ್ಚು 6,400 ರೂಪಾಯಿ. ಅದರಲ್ಲಿ ಕಬ್ಬಿಣ, ವೆಲ್ಡಿಂಗ್ ಕೂಲಿಯದ್ದೇ ಮುಕ್ಕಾಲು ಪಾಲು. ಕಂಬಿಯ ಮೇಲೆ ನನ್ನ ಜಾಗಕ್ಕೆ ಕೆಂಪು ದಾರ, ಮಗನ ಜಾಗಕ್ಕೆ ಹಸಿರು ದಾರ ಕಟ್ಟಿದ್ದೇನೆ. ಹೋದ ತಿಂಗಳು ಅವನ ಮೊಳ ಅಳೆದಾಗ ಅರ್ಧ ಇಂಚು ಬೆಳೆದಿತ್ತು. ಹಸಿರು ದಾರವನ್ನು 3 ಇಂಚು ಹಿಂದಕ್ಕೆ ಸರಿಸಿದೆ. ಅವನಿಗೆ ನನ್ನ ಗದೆ ಈಗ ಹಗುರ. 18 ಸೆಂ.ಮೀ. ಚೆಂಡಿನಲ್ಲಿ 7 ಕೆ.ಜಿ.ಯದ್ದು ಎರಕ ಹಾಕಿದ್ದೇವೆ. ಬಚ್ಚಲಿನ ಪಕ್ಕ ಗೋಣಿ ಹೊದ್ದು ಕೂತಿದೆ, ಇವತ್ತಿಗೆ 12 ದಿನ. ಸ್ಕೂಲಿಂದ ಬಂದ ಕೂಡಲೇ ಹೋಗಿ ಬೆರಳಲ್ಲಿ ತಟ್ಟಿ ನೋಡುತ್ತಾನೆ. "ಇನ್ನೂ ಹದಿನಾರು" ಅಂತ ಅಪ್ಪ ಒಳಗಿಂದಲೇ ಕೂಗುತ್ತಾರೆ.